ಉಪ್ಸಾರು ಖಾರ ಸೇರದ ನಾಲಿಗೆ: ಮಂಡ್ಯದ ಒಂದು ಪ್ರಕರಣ

"ನಾಲ್ಗೆ ಉರಿ ಕಣ್ ಡಾಕ್ಟ್ರಮ್ಮ. ಉಪ್ಸಾರು ಖಾರ ಮುಟ್ಟಿ ಎಂಟು ತಿಂಗ್ಳಾಯ್ತು."

ಮಂಡ್ಯ ಸೀಮೆಯಲ್ಲಿ ಇದು ಸಣ್ಣ ದೂರಲ್ಲ. ಮುದ್ದೆ, ಉಪ್ಸಾರು, ಪಕ್ಕದಲ್ಲಿ ಒಂದಿಷ್ಟು ರುಬ್ಬಿದ ಖಾರ. ಇದರಲ್ಲಿ ಖಾರ ಹೋದರೆ ಊಟವೇ ಹೋದ ಹಾಗೆ. ಆ ಅಮ್ಮ ಎಂಟು ತಿಂಗಳಿಂದ ಮುದ್ದೆಯನ್ನು ಮಜ್ಜಿಗೆಯಲ್ಲಿ ಅದ್ದಿ ನುಂಗುತ್ತಿದ್ದರು. ನಾನು ಮಂಡ್ಯದಲ್ಲಿ ಹಲ್ಲಿನ ಕ್ಲಿನಿಕ್ ನಡೆಸುತ್ತೇನೆ. ನನ್ನ ಹತ್ತಿರ ಬರುವವರಲ್ಲಿ ಹತ್ತಕ್ಕೆ ಒಂಬತ್ತು ಜನ ಹಲ್ಲು ತೋರಿಸಲು ಬಾಯಿ ತೆರೆಯುತ್ತಾರೆ. ನಾಲಿಗೆ ತೋರಿಸಲು ಬರುವವರು ಕಡಿಮೆ. ಬಂದರೂ ಅಷ್ಟು ಹೊತ್ತಿಗೆ ಮೂರ್ನಾಲ್ಕು ಕಡೆ ಸುತ್ತಿ ಬಂದಿರುತ್ತಾರೆ.

ಇವರೂ ಸುತ್ತಿದ್ದರು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು ಬೇಡ. ವಯಸ್ಸು 58. ಎರಡು ಹಸು, ಒಂದಿಷ್ಟು ಕಬ್ಬಿನ ಗದ್ದೆ, ಮಗ, ಸೊಸೆ, ಒಬ್ಬ ಮೊಮ್ಮಗ. ಶುಗರ್ ಇದೆ. ಇಷ್ಟು ಸಾಕು.

ಮೊದಲು ಎಲ್ಲರೂ ಹೇಳಿದ್ದು "ಉಷ್ಣ". ಎಳನೀರು ಕುಡಿದರು, ಮೆಂತ್ಯ ನೆನೆಸಿ ತಿಂದರು, ರಾತ್ರಿ ಮಲಗುವಾಗ ನಾಲಿಗೆಗೆ ತುಪ್ಪ ಸವರಿಕೊಂಡರು. ತುಪ್ಪದಿಂದ ಸ್ವಲ್ಪ ಹಿತ ಅನ್ನಿಸಿತು, ಬೆಳಗ್ಗೆ ಮತ್ತೆ ಅದೇ. ಮೆಡಿಕಲ್ ಶಾಪಿನವರು ಬಿ-ಕಾಂಪ್ಲೆಕ್ಸ್ ಕೊಟ್ಟರು. ಒಂದು ಕ್ಲಿನಿಕ್ಕಿನಲ್ಲಿ "ವಯಸ್ಸಾಯ್ತಲ್ಲ, ಮನಸ್ಸಿಗೆ ಹಚ್ಚಿಕೊಂಡಿದ್ದೀರಿ" ಅಂತ ಹೇಳಿ ನಿದ್ದೆ ಮಾತ್ರೆ ಬರೆದರು. ಯಾರೋ ಸಂಬಂಧಿಕರು ತಾಮ್ರದ ಟಂಗ್ ಕ್ಲೀನರ್ ತಂದುಕೊಟ್ಟರು. ಅಮ್ಮ ಅದರಲ್ಲಿ ದಿನಾ ಬೆಳಗ್ಗೆ ಪಾತ್ರೆ ಉಜ್ಜುವ ಹಾಗೆ ಉಜ್ಜಿದರು. ಉರಿ ಇನ್ನೂ ಜಾಸ್ತಿಯಾಯಿತು. ಕೊನೆಗೆ ಯಾರೋ "ಮುರಿದ ಹಲ್ಲು ಚುಚ್ಚುತ್ತಿರಬೇಕು" ಅಂದರು. ಆ ಹಲ್ಲಿನ ನೆಪದಲ್ಲಿ ನನ್ನ ಹತ್ತಿರ ಬಂದರು.

ಮುರಿದ ಹಲ್ಲು ಇದ್ದದ್ದು ನಿಜ. ಕೆಳಗಿನ ಎಡ ದವಡೆಯಲ್ಲಿ, ಅಂಚು ಚೂಪಾಗಿತ್ತು.

ಮೊದಲ ದಿನ ನಾನು ಏನು ನೋಡಿದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾಲಿಗೆ ನೋಡುವುದು ಅಂದರೆ "ಆ" ಅನ್ನಿಸಿ ಇಣುಕುವುದಲ್ಲ. ನಾಲಿಗೆಯ ತುದಿಯನ್ನು ಗಾಜ್ ಬಟ್ಟೆಯಲ್ಲಿ, ಅಂದರೆ ಗಾಯಕ್ಕೆ ಕಟ್ಟುವ ತೆಳು ಜಾಳಿಗೆ ಬಟ್ಟೆಯಲ್ಲಿ, ಹಿಡಿದು ಮೆಲ್ಲಗೆ ಹೊರಗೆಳೆಯಬೇಕು. ಬರಿ ಕೈಯಲ್ಲಿ ಹಿಡಿದರೆ ಜಾರುತ್ತದೆ. ಆಮೇಲೆ ಒಂದು ಬದಿಗೆ ತಿರುಗಿಸಿ ಕಡೇ ದವಡೆ ಹಲ್ಲಿನ ತನಕ ಅಂಚು ನೋಡಬೇಕು. ಇನ್ನೊಂದು ಬದಿಗೂ ಹಾಗೇ. ನಾಲಿಗೆ ಮೇಲಕ್ಕೆತ್ತಿಸಿ ಅಡಿಭಾಗ ನೋಡಬೇಕು. ಬೆರಳಿಂದ ಒತ್ತಿ ಗಟ್ಟಿ ಗಂಟು ಇದೆಯಾ ಅಂತ ತಡವಬೇಕು. ನಾಲಿಗೆಯ ಕ್ಯಾನ್ಸರ್ ಜಾಸ್ತಿ ಕಾಣಿಸಿಕೊಳ್ಳುವುದು ಆ ಪಕ್ಕದ ಅಂಚುಗಳಲ್ಲೇ. ಕನ್ನಡಿ ಮುಂದೆ ನಿಂತು ನಾಲಿಗೆ ಚಾಚಿದರೆ ಆ ಜಾಗ ಕಾಣುವುದೇ ಇಲ್ಲ.

ಅಮ್ಮ ಮೂವತ್ತು ವರ್ಷ ಎಲೆ ಅಡಿಕೆ ಹಾಕಿದವರು. ನಾಲಿಗೆ ಉರಿ ಶುರುವಾದ ಮೇಲೆ ತಾವೇ ಬಿಟ್ಟಿದ್ದರು. ಹಾಗಾಗಿ ನನ್ನ ತಲೆಯಲ್ಲಿ ಮೊದಲು ಬಂದದ್ದು ಅಡಿಕೆಯ ಕಾಯಿಲೆ. ಹೊಗೆಸೊಪ್ಪು ಸೇರಿಸದೆ ಬರೀ ಎಲೆ ಅಡಿಕೆ ಹಾಕಿದರೆ ಏನೂ ಆಗಲ್ಲ ಅಂತ ಇಲ್ಲಿ ಬಹಳ ಜನ ನಂಬಿದ್ದಾರೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆ ಜಗಿಯುವವರಲ್ಲಿ ಕೆನ್ನೆಯ ಒಳಪದರ ನಾರುಗಟ್ಟಿ ಬಿಗಿಯುವುದೂ ಉಂಟು. ಅದನ್ನು ಸಬ್‌ಮ್ಯೂಕಸ್ ಫೈಬ್ರೋಸಿಸ್ ಅನ್ನುತ್ತೇವೆ. ಅದರ ಶುರು ಕೂಡ ಇದೇ ಉರಿಯಿಂದ: ಖಾರ ತಡೆಯಲ್ಲ, ಬರಬರುತ್ತಾ ಬಾಯಿ ತೆರೆಯಲು ಬರಲ್ಲ. ಇವರ ಕೆನ್ನೆ ತಡವಿದೆ. ಮೆತ್ತಗಿತ್ತು, ಹಗ್ಗದಂಥ ಪಟ್ಟಿ ಸಿಗಲಿಲ್ಲ. ಮೂರು ಬೆರಳು ನಿಲ್ಲಿಸಿ ಬಾಯೊಳಗೆ ಇಟ್ಟುಕೊಳ್ಳಿ ಅಂದೆ. ಆರಾಮಾಗಿ ಇಟ್ಟುಕೊಂಡರು. ಹುಣ್ಣಿಲ್ಲ, ಗಂಟಿಲ್ಲ, ಒರೆಸಿದರೆ ಹೋಗದ ಬಿಳಿ ಕಲೆ ಇಲ್ಲ. ನನಗೂ ಸಮಾಧಾನವಾಯಿತು.

ನಾಲಿಗೆಯ ಮೇಲೆ ಅಲ್ಲಲ್ಲಿ ಬಿಳಿ ಪದರ ಇತ್ತು. ಗಾಜ್‌ನಲ್ಲಿ ಒರೆಸಿದರೆ ಬಂತು, ಅಡಿಯಲ್ಲಿ ಕೆಂಪು. ಎರಡೂ ಕಟವಾಯಿ ಒಡೆದಿತ್ತು. ಶುಗರ್ ಇರುವವರ ಬಾಯಲ್ಲಿ ಇದು ಹೊಸದೇನಲ್ಲ. ಕ್ಯಾಂಡಿಡಾ ಅನ್ನುವ ಶಿಲೀಂಧ್ರ, ಫಂಗಸ್ ಅಂದರೆ ಎಲ್ಲರಿಗೂ ಗೊತ್ತು. ನಾಲಿಗೆಗೆ ಸವರಲು ಕ್ಲೋಟ್ರಿಮಜೋಲ್ ಬರೆದೆ. ಮುರಿದ ಹಲ್ಲಿನ ಅಂಚು ಉಜ್ಜಿ ನುಣ್ಣಗೆ ಮಾಡಿದೆ. ತಾಮ್ರದ ಪಟ್ಟಿಯನ್ನು ಅಟ್ಟದ ಮೇಲೆ ಹಾಕಿ ಅಂದೆ. "ಶುಗರ್ ಇದ್ದವರಿಗೆ ಇದೆಲ್ಲ ಇದ್ದದ್ದೇ ಅಮ್ಮ, ಎರಡು ವಾರ ಬಿಟ್ಟು ಬನ್ನಿ" ಅಂತ ಕಳಿಸಿದೆ.

ನಾನು ಎಡವಿದ್ದು ಆ ಮಾತಿನಲ್ಲೇ. "ಮಾತ್ರೆ ತಗೊಳ್ತಿದ್ದೀರಾ?" ಅಂತ ಕೇಳಿದ್ದೆ. "ಶುಗರ್ದು ತಗತೀನಿ" ಅಂದಿದ್ದರು. ನಾನು ಚೀಟಿಯಲ್ಲಿ "ಶುಗರ್" ಅಂತ ಒಂದು ಪದ ಗೀಚಿ ಮುಂದೆ ಹೋಗಿದ್ದೆ. ಯಾವ ಮಾತ್ರೆ, ಎಷ್ಟು, ಎಷ್ಟು ವರ್ಷದಿಂದ, ಜೊತೆಗೆ ಇನ್ನೇನು, ಯಾವುದನ್ನೂ ಕೇಳಲಿಲ್ಲ. ಉಳಿದವರು "ಉಷ್ಣ" ಅಂದು ಸುಮ್ಮನಾಗಿದ್ದರು, ನಾನು "ಶುಗರ್" ಅಂದು ಸುಮ್ಮನಾದೆ. ಏನು ವ್ಯತ್ಯಾಸ?

ಎರಡು ವಾರಕ್ಕೆ ಸರಿಯಾಗಿ ಬಂದರು, ಸೊಸೆಯ ಜೊತೆ. ಉರಿ ಕಡಿಮೆಯಾಗಿರಲಿಲ್ಲ. ನಾಲಿಗೆ ಹೊರಗೆಳೆದು ದೀಪ ಹಾಕಿದೆ. ಬಿಳಿ ಪದರ ಹೋಗಿತ್ತು. ಈಗ ನಾಲಿಗೆ ಬರಿದಾಗಿ ಕಂಡಿತು. ಕೆಂಪು ಅಂದರೆ ಹಸಿ ಮಾಂಸದ ಕೆಂಪು. ನುಣ್ಣಗೆ, ಸಿಪ್ಪೆ ಸುಲಿದ ಬೀಟ್‌ರೂಟಿನ ಹಾಗೆ ಹೊಳೆಯುತ್ತಿತ್ತು. ಗಾಜ್ ಬಟ್ಟೆ ಎಳೆದರೆ ಎಲ್ಲೂ ತರಿ ಸಿಗಲಿಲ್ಲ. ಒಳ್ಳೆಯ ನಾಲಿಗೆ ಹಾಗಿರಲ್ಲ, ಬಟ್ಟೆಗೆ ಮೆಲ್ಲಗೆ ಕಚ್ಚಿಕೊಳ್ಳುತ್ತದೆ. ಇವರ ಕೆಳ ರೆಪ್ಪೆ ಎಳೆದು ನೋಡಿದೆ. ಒಳಗೆ ಬಿಳಿಚಿಕೊಂಡಿತ್ತು.

ಅಷ್ಟರಲ್ಲಿ ಸೊಸೆ ಏನೋ ನೆನೆಸಿಕೊಂಡು ನಕ್ಕರು. "ಮೇಡಂ, ಇವತ್ತು ಬಸ್‌ಸ್ಟ್ಯಾಂಡಿಂದ ಬರುವಾಗ ಅತ್ತೆ ಚಪ್ಪಲಿ ಒಂದು ದಾರೀಲೇ ಉದುರಿ ಹೋಗಿದೆ. ಇವ್ರಿಗೆ ಗೊತ್ತೇ ಇಲ್ಲ. ಬರಿಗಾಲಲ್ಲಿ ಅಷ್ಟು ದೂರ ಬಂದವ್ರೆ. ಹಿಂದಿಂದ ಯಾರೋ ಕೂಗಿ ಹೇಳಿದ್ದು."

ಅಮ್ಮನೂ ನಕ್ಕರು. "ಕಾಲು ಹತ್ತಿ ಮೇಲೆ ಇಟ್ಟಂಗಾಯ್ತದೆ ಕಣವ್ವ. ಶುಗರ್ ಇರೋರ್ಗೆ ಹಂಗೇ ಅಂತೆ."

ಮತ್ತೆ ಶುಗರ್! ನಾಲಿಗೆಗೂ ಅದೇ ಉತ್ತರ, ಕಾಲಿಗೂ ಅದೇ ಉತ್ತರ. ನನಗೆ ನಗು ಬರಲಿಲ್ಲ. ನುಣ್ಣಗಿನ ನಾಲಿಗೆ, ಬಿಳಿಚಿದ ಕಣ್ಣು, ಜೋಮು ಹಿಡಿದ ಪಾದ. ಈ ಮೂರೂ ಒಬ್ಬರಲ್ಲೇ ಕಂಡರೆ ಮೊದಲು ಕೇಳಬೇಕಾದ್ದು ವಿಟಮಿನ್ ಬಿ12ರ ಬಗ್ಗೆ.

ನಾಲಿಗೆ ಯಾಕೆ ನುಣ್ಣಗಾಗುತ್ತದೆ? ನಾಲಿಗೆಯ ಮೇಲ್ಮೈ ತುಂಬ ಸಾವಿರಾರು ಸಣ್ಣ ಮೊನೆಗಳಿವೆ, ವೆಲ್ವೆಟ್ ಬಟ್ಟೆಯ ಎಳೆಗಳ ಹಾಗೆ. ಇವುಗಳಲ್ಲಿ ಜಾಸ್ತಿ ಇರುವುದು ದಾರದಂಥ ಮೊನೆಗಳು, ಫಿಲಿಫಾರ್ಮ್ ಅನ್ನುತ್ತಾರೆ. ಅವುಗಳಿಗೆ ರುಚಿ ಗೊತ್ತಾಗಲ್ಲ. ತುತ್ತನ್ನು ಹಿಡಿಯುವುದು, ತಿರುವುವುದು ಅವುಗಳ ಕೆಲಸ. ಮಧ್ಯೆ ಮಧ್ಯೆ ಅಣಬೆಯಂಥ ಕೆಂಪು ಚುಕ್ಕೆಗಳು, ರುಚಿ ಮೊಗ್ಗುಗಳಿರುವುದು ಅಲ್ಲಿ. ಹಿಂದೆ ಗಂಟಲ ಹತ್ತಿರ ಎಂಟರಿಂದ ಹನ್ನೆರಡು ದೊಡ್ಡ ಗುಬ್ಬಗಳು ಬಾಣದ ತುದಿಯ ಆಕಾರದಲ್ಲಿ ಸಾಲಾಗಿ ಕೂತಿವೆ. (ಈ ಗುಬ್ಬಗಳನ್ನು ಮೊದಲ ಸಲ ಮೊಬೈಲ್ ಟಾರ್ಚಿನಲ್ಲಿ ನೋಡಿ, ಕ್ಯಾನ್ಸರ್ ಅಂತ ಹೆದರಿ, ಫೋಟೋ ತೆಗೆದುಕೊಂಡು ಓಡಿ ಬರುವವರು ಇದ್ದಾರೆ. ಹುಟ್ಟಿದಾಗಿನಿಂದ ಅಲ್ಲೇ ಇವೆ ಸ್ವಾಮಿ, ಹೆದರಬೇಡಿ.)

ಈ ಮೊನೆಗಳು ಬೇಗ ಸವೆಯುತ್ತವೆ, ಬೇಗ ಹೊಸದಾಗಿ ಬೆಳೆಯುತ್ತವೆ. ಬಿಸಿ ಕಾಫಿ, ಮುದ್ದೆ, ಹಲ್ಲಿನ ಉಜ್ಜಾಟ, ಎಲ್ಲ ತಡೆದುಕೊಂಡು ದಿನಾ ಹೊಸ ಕೋಶ ಹುಟ್ಟಬೇಕು. ಕೋಶ ಎರಡಾಗಬೇಕಾದರೆ ಮೊದಲು ಅದರ ಡಿಎನ್‌ಎ ಎರಡಾಗಬೇಕು. ಅದಕ್ಕೆ ಬಿ12 ಬೇಕು, ಫೋಲಿಕ್ ಆಮ್ಲ ಬೇಕು. ಇವು ಕಡಿಮೆಯಾದರೆ ಮೊದಲು ಸೊರಗುವುದು ಬೇಗ ಬೇಗ ಕೋಶ ಹುಟ್ಟುವ ಜಾಗಗಳು. ಅಂಥವು ಮುಖ್ಯವಾಗಿ ಎರಡು: ಮೂಳೆಯೊಳಗಿನ ಮಜ್ಜೆ, ಬಾಯಿಂದ ಕರುಳಿನವರೆಗಿನ ಒಳಪದರ. ಮಜ್ಜೆಯಲ್ಲಿ ಏನಾಗುತ್ತಿದೆ ಅಂತ ಕಣ್ಣಿಗೆ ಕಾಣಲ್ಲ. ನಾಲಿಗೆ ಕಾಣುತ್ತದೆ, ಅಷ್ಟೇ.

ನಮ್ಮ ಕಡೆಯವರಿಗೆ ಇದನ್ನು ನಾಲೆ ನೀರಿನ ಲೆಕ್ಕದಲ್ಲಿ ಹೇಳಿದರೆ ಬೇಗ ಹತ್ತುತ್ತದೆ. ಕಟ್ಟೆಯಲ್ಲಿ ನೀರು ಕಡಿಮೆಯಾದರೆ ವಿಶ್ವೇಶ್ವರಯ್ಯ ನಾಲೆಯ ಮೇಲ್ಭಾಗದ ಗದ್ದೆಗೆ ತಕ್ಷಣ ಗೊತ್ತಾಗಲ್ಲ. ಕೊನೇ ಭಾಗದ ರೈತನ ಪೈರು ಮೊದಲು ಬಾಡುತ್ತದೆ. ಅಮ್ಮನ ನಾಲಿಗೆ, ಪಾದ ಎರಡೂ ಕೊನೇ ಭಾಗದ ಗದ್ದೆಗಳು. ಕಾಲಿನ ಬೆರಳಿಗೆ ಹೋಗುವ ನರ ಮೈಯಲ್ಲೇ ಬಹಳ ಉದ್ದದ್ದು. ನರದ ಮೇಲಿನ ಹೊದಿಕೆಯನ್ನು ಕಾಪಾಡಲೂ ಬಿ12 ಬೇಕು.

ನುಣ್ಣಗಿನ ನಾಲಿಗೆ ನೋಡಿದ ಮಾತ್ರಕ್ಕೆ "ಬಿ12 ಕೊರತೆ" ಅಂತ ಸೀಲು ಒತ್ತಲು ಆಗಲ್ಲ. ಕಬ್ಬಿಣಾಂಶ ಕಡಿಮೆಯಾದರೂ ನಾಲಿಗೆ ಹೀಗೇ ಬೋಳಾಗುತ್ತದೆ. ನಮ್ಮ ಹೆಣ್ಣುಮಕ್ಕಳಲ್ಲಿ ಅದೇನೂ ಅಪರೂಪವಲ್ಲ. ಫೋಲಿಕ್ ಆಮ್ಲದ ಕೊರತೆಯಲ್ಲೂ ಉಂಟು. ಫಂಗಸ್ ಒಂದರಿಂದಲೇ ನಾಲಿಗೆ ಕೆಂಪಗೆ ಬೋಳಾಗುವುದೂ ಉಂಟು. ಮುಟ್ಟು ನಿಂತ ವಯಸ್ಸಿನ ಹೆಂಗಸರಲ್ಲಿ ನಾಲಿಗೆ ನೋಡಲು ಚೆನ್ನಾಗೇ ಇದ್ದು ಬರೀ ಉರಿ ಇರುವ ಇನ್ನೊಂದು ತೊಂದರೆ ಇದೆ. ನಿದ್ದೆ ಮಾತ್ರೆ ಕೊಟ್ಟವರು ಬಹುಶಃ ಅದೇ ಅಂದುಕೊಂಡಿರಬೇಕು. ಆದರೆ ಅದನ್ನು ಹೇಳುವ ಮೊದಲು ನಾಲಿಗೆ ನಿಜವಾಗಿ ಚೆನ್ನಾಗಿದೆಯಾ ಅಂತ ನೋಡಬೇಕಲ್ವಾ? ಅಲ್ಲಿ ಯಾರೂ ಬಾಯಿ ತೆರೆಸಲಿಲ್ಲವಂತೆ.

"ನಾಳೆ ಬರುವಾಗ ಮನೇಲಿರೋ ಮಾತ್ರೆ ಎಲ್ಲಾ ಒಂದು ಕವರ್‌ಗೆ ಹಾಕ್ಕೊಂಡು ಬನ್ನಿ. ನಿಲ್ಲಿಸಿರೋದೂ ತನ್ನಿ" ಅಂದೆ.

ಮಾರನೇ ದಿನ ಸೊಸೆ ಆ ಕವರನ್ನು ನನ್ನ ಮೇಜಿನ ಮೇಲೆ ಸುರಿದರು. ಅರ್ಧ ಖಾಲಿಯಾದ ಸ್ಟ್ರಿಪ್‌ಗಳು, ರಬ್ಬರ್ ಬ್ಯಾಂಡ್ ಹಾಕಿದ ಹಳೇ ಚೀಟಿಗಳು, ಮುಚ್ಚಳವಿಲ್ಲದ ನೋವಿನ ಎಣ್ಣೆ. ಒಂದೊಂದನ್ನೇ ಬೇರೆ ಮಾಡಿದೆವು. ಮೆಟ್‌ಫಾರ್ಮಿನ್ 1000 ಮಿಲಿಗ್ರಾಂ, ದಿನಕ್ಕೆ ಎರಡು. ಹಳೇ ಚೀಟಿ ನೋಡಿದರೆ ಹನ್ನೊಂದು ವರ್ಷದಿಂದ. ಪ್ಯಾಂಟೊಪ್ರಜೋಲ್, ಅಂದರೆ ಎಲ್ಲರೂ "ಗ್ಯಾಸ್ ಮಾತ್ರೆ" ಅನ್ನುವುದು, ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು. ಐದು ವರ್ಷದ ಹಿಂದೆ ಮಂಡಿ ನೋವಿಗೆ ಮಾತ್ರೆ ಕೊಟ್ಟಾಗ ಹೊಟ್ಟೆ ಕೆಡದಿರಲಿ ಅಂತ ಜೊತೆಗೆ ಬರೆದದ್ದು. ಮಂಡಿಯ ಮಾತ್ರೆ ಹದಿನೈದು ದಿನಕ್ಕೆ ಮುಗಿದಿತ್ತು. ಗ್ಯಾಸ್ ಮಾತ್ರೆ ನಿಲ್ಲಿಸಿ ಅಂತ ಯಾರೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಅಂಗಡಿಯಲ್ಲಿ ಖಾಲಿ ಸ್ಟ್ರಿಪ್ ತೋರಿಸಿದರೆ ಹೊಸದು ಬರುತ್ತಿತ್ತು.

ಆಮೇಲೆ ಊಟ ಕೇಳಿದೆ. ಮಂಡ್ಯದಲ್ಲಿ ಬಾಡು ತಿನ್ನದವರನ್ನು ಹುಡುಕಬೇಕು. 2024ರ ಡಿಸೆಂಬರ್‌ನಲ್ಲಿ ಇಲ್ಲಿ ಸಾಹಿತ್ಯ ಸಮ್ಮೇಳನ ನಡೆದಾಗ ಬಾಡೂಟ ಬೇಕೇ ಬೇಕು ಅಂತ ದೊಡ್ಡ ಚರ್ಚೆಯೇ ಆಯಿತಲ್ಲ. ಹಾಗಾಗಿ ಇವರೂ ತಿನ್ನುತ್ತಾರೆ ಅಂದುಕೊಂಡಿದ್ದೆ.

"ನಾನು ಬಾಡು ಬಿಟ್ಟು ಎಂಟು ವರ್ಸ ಆಯ್ತು. ಮೊಮ್ಮಗ ಹುಟ್ಟಿದ್ದೇ ಹುಷಾರಿರ್ಲಿಲ್ಲ. ಅವ್ನು ಉಳ್ಕಂಡ್ರೆ ಬಾಡು ಮುಟ್ಟಲ್ಲ ಅಂತ ಮಾದಪ್ಪಂಗೆ ಹೇಳ್ಕಂಡಿದ್ದೆ. ಮೊಟ್ಟೆನೂ ಇಲ್ಲ."

ಹಾಲು? ಮನೆಯಲ್ಲಿ ಎರಡು ಹಸು ಇವೆಯಲ್ಲ?

ಸೊಸೆ ಹೇಳಿದರು: "ಹಾಲೆಲ್ಲಾ ಡೇರಿಗೆ ಹೋಗ್ತದೆ ಮೇಡಂ. ಟೀಗೆ ಅಂತ ಒಂದ್ಲೋಟ ಇಟ್ಕೊಳ್ತೀವಿ."

ಅಲ್ಲಿಗೆ ಚಿತ್ರ ಪೂರ್ತಿಯಾಯಿತು. ಬಿ12 ಸಿಗುವುದು ಮಾಂಸ, ಮೀನು, ಮೊಟ್ಟೆ, ಹಾಲಿನಿಂದ. ಸೊಪ್ಪು, ಕಾಳು, ರಾಗಿಯಲ್ಲಿ ನಂಬಿಕೊಳ್ಳುವಷ್ಟು ಇಲ್ಲ. ಬಸ್ಸಾರಿನಲ್ಲಿ ಫೋಲಿಕ್ ಆಮ್ಲ ಸಿಗುತ್ತದೆ, ಬಿ12 ಸಿಗಲ್ಲ. ಹಾಗಾಗಿ ಒಳಗೆ ಹೋಗುತ್ತಿದ್ದದ್ದೇ ಚೂರು. ಆ ಚೂರು ಕೂಡ ಆಹಾರದ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸಲು ಹೊಟ್ಟೆಯ ಆಮ್ಲ ಬೇಕು. ಆ ಆಮ್ಲವನ್ನು ಗ್ಯಾಸ್ ಮಾತ್ರೆ ಐದು ವರ್ಷದಿಂದ ತಗ್ಗಿಸಿ ಇಟ್ಟಿತ್ತು. ಬಿಡಿಸಿಕೊಂಡು ಮುಂದೆ ಹೋದದ್ದನ್ನು ಸಣ್ಣ ಕರುಳಿನ ಕೊನೆಯಲ್ಲಿ ಹೀರಿಕೊಳ್ಳಬೇಕು. ಅಲ್ಲಿ ಮೆಟ್‌ಫಾರ್ಮಿನ್ ಅಡ್ಡ. ಬಿತ್ತನೆ ಕಡಿಮೆ, ಕಣದಲ್ಲಿ ಬಡಿಯುವವರಿಲ್ಲ, ಕಣಜದ ಬಾಗಿಲಿಗೆ ಬೀಗ.

ಇಷ್ಟಾದರೂ ತೊಂದರೆ ಕಾಣಿಸಲು ಇಷ್ಟು ವರ್ಷ ಯಾಕೆ? ನಮ್ಮ ಪಿತ್ತಜನಕಾಂಗ, ಅಂದರೆ ಲಿವರ್, ಬಿ12ನ್ನು ಕೂಡಿಟ್ಟುಕೊಳ್ಳುತ್ತದೆ. ದಿನಕ್ಕೆ ಬೇಕಾದ್ದು ಎರಡೂವರೆ ಮೈಕ್ರೋಗ್ರಾಂನ ಆಸುಪಾಸು. ಲಿವರ್‌ನಲ್ಲಿ ಇರುವುದು ಕೆಲವು ಮಿಲಿಗ್ರಾಂ, ಅಂದರೆ ವರ್ಷಗಟ್ಟಲೆ ಸಾಕಾಗುವಷ್ಟು. ಆ ದಾಸ್ತಾನು ಮುಗಿಯುವ ತನಕ ಹೊರಗೆ ಏನೂ ಗೊತ್ತಾಗಲ್ಲ.

ಮೆಟ್‌ಫಾರ್ಮಿನ್ ಬಗ್ಗೆ ಒಂದು ಮಾತು ಹೇಳಲೇಬೇಕು. ಇದನ್ನು ಓದಿ ಯಾರೂ ಮಾತ್ರೆ ನಿಲ್ಲಿಸಬೇಡಿ. ಒಳ್ಳೆಯ ಔಷಧ, ಕಡಿಮೆ ಬೆಲೆ, ಕೋಟಿಗಟ್ಟಲೆ ಜನರ ಶುಗರನ್ನು ಹಿಡಿದಿಟ್ಟಿದೆ. ಆದರೆ 2022ರ ಜೂನ್‌ನಲ್ಲಿ ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ ಒಂದು ಸೂಚನೆ ಹೊರಡಿಸಿತು. ಈ ಮಾತ್ರೆಯಿಂದ ಬಿ12 ಇಳಿಯುವುದು ಅಪರೂಪದ ಸಂಗತಿಯಲ್ಲ, ಸಾಮಾನ್ಯವೇ; ಜಾಸ್ತಿ ಡೋಸ್, ಜಾಸ್ತಿ ವರ್ಷ ತೆಗೆದುಕೊಂಡವರಲ್ಲಿ ಇನ್ನೂ ಜಾಸ್ತಿ ಅನ್ನುವುದು ಅದರ ಸಾರ. ನನ್ನ ರೋಗಿಗೆ ಹನ್ನೊಂದು ವರ್ಷದಲ್ಲಿ ಒಂದು ಸಲವೂ ಬಿ12 ಪರೀಕ್ಷೆ ಆಗಿರಲಿಲ್ಲ.

ರಕ್ತ ಪರೀಕ್ಷೆಗೆ ಬರೆದೆ. ಹಿಮೋಗ್ಲೋಬಿನ್ 8.9. ಹೆಂಗಸರಿಗೆ 12 ಇರಬೇಕು. ಕೆಂಪು ರಕ್ತಕಣದ ಸರಾಸರಿ ಗಾತ್ರ ಹೇಳುವ ಎಂಸಿವಿ 114. ಅದು 80ರಿಂದ 100ರ ಒಳಗಿರಬೇಕು. ಕಬ್ಬಿಣಾಂಶ ಕಡಿಮೆಯಾದರೆ ಕಣಗಳು ಸಣ್ಣಗಾಗುತ್ತವೆ. ಇವರದ್ದು ಉಬ್ಬಿದ್ದವು. ಎರಡಾಗಬೇಕಾದ ಕೋಶ ಎರಡಾಗದೆ ಸುಮ್ನೆ ದಪ್ಪಗಾದ ಗುರುತು ಅದು. ಬಿ12 ಮಟ್ಟ 104. ಸಾಮಾನ್ಯವಾಗಿ 200ಕ್ಕಿಂತ ಕಡಿಮೆಯಾದರೆ ಕೊರತೆ ಅನ್ನುತ್ತಾರೆ. ಕಬ್ಬಿಣಾಂಶ, ಥೈರಾಯ್ಡ್ ಸರಿಯಾಗಿದ್ದವು. ಮೂರು ತಿಂಗಳ ಶುಗರ್ ಲೆಕ್ಕ 7.4. ಅಂಥ ಕೆಟ್ಟದ್ದೇನಲ್ಲ.

ಸೊಸೆ ಕೇಳಿದ ಒಂದು ಪ್ರಶ್ನೆ ಚೆನ್ನಾಗಿತ್ತು: "ಹಂಗಾದ್ರೆ ಬಿ-ಕಾಂಪ್ಲೆಕ್ಸ್ ನುಂಗಿದ್ದು ಯಾಕೆ ಹತ್ತಲಿಲ್ಲ?" ಸ್ಟ್ರಿಪ್ ತಿರುಗಿಸಿ ಸಣ್ಣ ಅಕ್ಷರ ಓದಿಸಿದೆ. ಫೋಲಿಕ್ ಆಮ್ಲ ಚೆನ್ನಾಗಿತ್ತು, ಬಿ12 ಹೆಸರಿಗೆ ಇತ್ತು. ಅದನ್ನೂ ಇವರು ಹತ್ತು ದಿನ ನುಂಗಿ ಬಿಟ್ಟಿದ್ದರು. ಬಿಟ್ಟದ್ದು ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು. ಯಾಕೆ ಅಂತ ಹೇಳಲು ಸ್ವಲ್ಪ ಹಿಂದೆ ಹೋಗಬೇಕು.

ಹಿಂದೆ ಈ ಬಗೆಯ ರಕ್ತಹೀನತೆ ಬಂದರೆ ಜನ ಸಾಯುತ್ತಿದ್ದರು. ನಾಲಿಗೆ ಕೆಂಪಗೆ ನುಣ್ಣಗಾಗುವುದನ್ನು ವೈದ್ಯರು ಹತ್ತೊಂಬತ್ತನೇ ಶತಮಾನದಲ್ಲೇ ಬರೆದಿಟ್ಟಿದ್ದರು. ಮದ್ದು ಗೊತ್ತಿರಲಿಲ್ಲ. 1926ರಲ್ಲಿ ಅಮೆರಿಕದ ಮೈನಾಟ್ ಮತ್ತು ಮರ್ಫಿ ದಿನಾ ಲಿವರ್ ತಿನ್ನಿಸಿದರೆ ರೋಗಿಗಳು ಬದುಕುತ್ತಾರೆ ಅಂತ ತೋರಿಸಿದರು. 1934ರಲ್ಲಿ ವಿಪ್ಪಲ್ ಅನ್ನುವ ಇನ್ನೊಬ್ಬ ವೈದ್ಯರ ಜೊತೆ ಇವರಿಗೆ ನೊಬೆಲ್ ಬಂತು. ಅದೇ ಕಾಲದಲ್ಲಿ ಲೂಸಿ ವಿಲ್ಸ್ ಅನ್ನುವ ಇಂಗ್ಲೆಂಡಿನ ವೈದ್ಯೆ ಮುಂಬೈಗೆ ಬಂದು, ಬಟ್ಟೆ ಗಿರಣಿಯ ಬಡ ಬಸುರಿ ಹೆಂಗಸರಲ್ಲಿ ಇಂಥದ್ದೇ ರಕ್ತಹೀನತೆ ಕಂಡರು. ಯೀಸ್ಟ್‌ನಿಂದ ಮಾಡಿದ ಅಗ್ಗದ ಮಾರ್ಮೈಟ್ ತಿನ್ನಿಸಿ ವಾಸಿ ಮಾಡಿದರು. ಅದರಲ್ಲಿದ್ದದ್ದು ಫೋಲೇಟ್, ಅಂದರೆ ಆಹಾರದಲ್ಲಿರುವ ರೂಪದ ಫೋಲಿಕ್ ಆಮ್ಲ, ಅಂತ ಆಮೇಲೆ ಗೊತ್ತಾಯಿತು. 1948ರಲ್ಲಿ ಲಿವರ್‌ನಿಂದ ಕೆಂಪು ಹರಳಿನ ರೂಪದಲ್ಲಿ ಬಿ12 ಬೇರೆಯಾಗಿ ಸಿಕ್ಕಿತು.

ಅದಕ್ಕೆ ಮುಂಚೆ, 1940ರ ದಶಕದಲ್ಲಿ, ಬಿ12 ಕೊರತೆಯ ರೋಗಿಗಳಿಗೆ ಬರೀ ಫೋಲಿಕ್ ಆಮ್ಲ ಕೊಟ್ಟು ನೋಡಿದ್ದರು. ರಕ್ತ ಸುಧಾರಿಸಿತು. ನರಗಳು ಸುಧಾರಿಸಲಿಲ್ಲ, ಕೆಲವರಿಗೆ ಇನ್ನೂ ಕೆಟ್ಟವು. ಹೊರಗೆ ಚೆನ್ನಾಗಿ ಕಾಣುತ್ತಾ ಒಳಗೆ ನರ ಹಾಳಾಗುವುದು ಇದೆಯಲ್ಲ, ಅದು ಮೋಸ. ಬಿ-ಕಾಂಪ್ಲೆಕ್ಸ್ ಅಂತ ಯಾವುದೋ ಒಂದನ್ನು ತಿಂಗಳುಗಟ್ಟಲೆ ನುಂಗುವುದನ್ನು ನಾನು ವಿರೋಧಿಸುವುದು ಈ ಕಾರಣಕ್ಕೆ.

ನಾನು ಹಲ್ಲಿನ ಡಾಕ್ಟರ್. ಇಲ್ಲಿಂದ ಮುಂದೆ ನನ್ನ ಕೆಲಸವಲ್ಲ. ಒಬ್ಬ ಫಿಸಿಶಿಯನ್ ಹತ್ತಿರ ಕಳಿಸಿದೆ. ಅವರು ಟ್ಯೂನಿಂಗ್ ಫೋರ್ಕ್ ಮಿಡಿದು ಕಾಲಿನ ಹೆಬ್ಬೆರಳ ಮೇಲೆ ಇಟ್ಟರು. ಬಲಗಾಲಲ್ಲಿ ಅದು ಅದುರುವುದು ಅಷ್ಟಿಷ್ಟು ಗೊತ್ತಾಯಿತು, ಎಡಗಾಲಲ್ಲಿ ಗೊತ್ತಾಗಲಿಲ್ಲ. ಕಣ್ಣು ಮುಚ್ಚಿ ನಿಲ್ಲಿ ಅಂದಾಗ ಅಮ್ಮ ತೂರಾಡಿದರು. ಬಿ12 ಇಂಜೆಕ್ಷನ್ ಶುರು ಮಾಡಿದರು: 1000 ಮೈಕ್ರೋಗ್ರಾಂ, ಮೊದಲ ಮೂರು ವಾರ ದಿನ ಬಿಟ್ಟು ದಿನ, ಆಮೇಲೆ ತಿಂಗಳಿಗೊಂದು. ಗ್ಯಾಸ್ ಮಾತ್ರೆಯನ್ನು ಹಂತ ಹಂತವಾಗಿ ನಿಲ್ಲಿಸಿದರು. ಮೆಟ್‌ಫಾರ್ಮಿನ್ ಮುಂದುವರಿಯಿತು.

ಅಮ್ಮನಿಗೆ ಒಂದೇ ಚಿಂತೆ. "ಮೊಟ್ಟೆ ತಿನ್ನು ಅಂತೀರಾ? ಮಾದಪ್ಪಂಗೆ ಹೇಳಿದ್ ಮಾತು ತಪ್ಪಕ್ಕಾಗಲ್ಲ. ಬೇಕಾದ್ರೆ ದಿನಾ ಸೂಜಿ ಚುಚ್ಚಿ."

ಯಾರೂ ಮಾತು ತಪ್ಪಿಸಲಿಲ್ಲ. ಇಂಜೆಕ್ಷನ್ ಹೊಟ್ಟೆ, ಕರುಳು ಎರಡನ್ನೂ ದಾಟಿ ಹೋಗುತ್ತದೆ. ಡೇರಿಗೆ ಹೋಗುವ ಕ್ಯಾನಿನಿಂದ ದಿನಕ್ಕೆ ಎರಡು ಲೋಟ ಹಾಲು ಮನೆಯಲ್ಲೇ ಉಳಿಸಿ ಅಂತ ಮಾತ್ರ ಹೇಳಿದೆ. ಅದಕ್ಕೆ ಮಗ ಸ್ವಲ್ಪ ಗೊಣಗಿದನಂತೆ.

ಎರಡನೇ ವಾರಕ್ಕೇ ಉರಿ ಇಳಿಯಿತು. ಐದನೇ ವಾರ ದೀಪ ಹಾಕಿ ನೋಡಿದರೆ ನಾಲಿಗೆಯ ಹೊಳಪು ಹೋಗಿತ್ತು. ಗಾಜ್ ಬಟ್ಟೆಯನ್ನು ಮೆಲ್ಲಗೆ ಎಳೆದೆ, ಕಚ್ಚಿಕೊಂಡಿತು. ಒಡೆದ ಕಟವಾಯಿ ಮುಚ್ಚಿತ್ತು. ಮೂರು ತಿಂಗಳಿಗೆ ಹಿಮೋಗ್ಲೋಬಿನ್ 12.1, ಎಂಸಿವಿ 92.

ಇದನ್ನು ಬರೆಯುತ್ತೇನೆ ಅಂದಾಗ ಸ್ನೇಹಿತೆಯೊಬ್ಬಳು "ಜನ ಇನ್ನು ದಿನಾ ಕನ್ನಡಿ ಮುಂದೆ ನಾಲಿಗೆ ಚಾಚಿ ಕೂರ್ತಾರೆ ನೋಡು" ಅಂದಳು. ಆ ಭಯ ನನಗೂ ಇದೆ. ನಾಲಿಗೆ ಚಹರೆ ಬದಲಿಸುತ್ತಲೇ ಇರುತ್ತದೆ. ಜ್ವರ ಬಂದರೆ, ಊಟ ಬಿಟ್ಟರೆ, ನೀರು ಕಡಿಮೆ ಕುಡಿದರೆ ಬಿಳಿ ಪದರ ಕಟ್ಟುತ್ತದೆ. ಆಯುರ್ವೇದದವರು ಅಷ್ಟಸ್ಥಾನ ಪರೀಕ್ಷೆಯಲ್ಲಿ ನಾಡಿಯ ಜೊತೆ ನಾಲಿಗೆಯನ್ನೂ ಸೇರಿಸಿದ್ದು ಸುಮ್ನೆ ಅಲ್ಲ. ಆದರೆ ಅದು ಎಂಟರಲ್ಲಿ ಒಂದು, ನೆನಪಿರಲಿ. ಕೆಲವರ ನಾಲಿಗೆಯಲ್ಲಿ ನಕ್ಷೆ ಬರೆದ ಹಾಗೆ ಕೆಂಪು ತೇಪೆಗಳು, ಸುತ್ತ ಬಿಳಿ ಗೆರೆ. ಇವತ್ತು ಇಲ್ಲಿ, ಮುಂದಿನ ವಾರ ಅಲ್ಲಿ. ಅದರಿಂದ ಅಪಾಯವಿಲ್ಲ. ಬಿರುಕು ಬಿಟ್ಟ ಗದ್ದೆಯಂಥ ನಾಲಿಗೆ ಹುಟ್ಟಿನಿಂದಲೇ ಇರಬಹುದು. ಕಬ್ಬಿಣದ ಟಾನಿಕ್ ಕುಡಿದು ಕಪ್ಪಾದರೆ ಟಾನಿಕ್ಕಿನ ಬಣ್ಣ ಅಷ್ಟೇ.

ನಾನು ಹೆದರುವುದು ಬೇರೆಯದಕ್ಕೆ. ಎರಡು ವಾರವಾದರೂ ವಾಸಿಯಾಗದ ಹುಣ್ಣು, ಅದರಲ್ಲೂ ನೋವಿಲ್ಲದ್ದು. ಒರೆಸಿದರೆ ಹೋಗದ ಬಿಳಿ ಅಥವಾ ಕೆಂಪು ಕಲೆ. ಒಂದೇ ಬದಿಯಲ್ಲಿ ಕೈಗೆ ಸಿಗುವ ಗಟ್ಟಿ ಗಂಟು. ಇವು ಕಂಡರೆ ತುಪ್ಪ ಸವರುತ್ತಾ ಕೂರಬೇಡಿ, ಅವತ್ತೇ ಹೊರಡಿ. ಅಡಿಕೆ, ಹೊಗೆಸೊಪ್ಪು ಹಾಕುವವರಾದರೆ ಇನ್ನೂ ಬೇಗ.

ನನ್ನ ಕ್ಲಿನಿಕ್ಕಿನಲ್ಲಿ ಒಂದು ಬದಲಾವಣೆ ಆಗಿದೆ. ಅಪಾಯಿಂಟ್‌ಮೆಂಟ್‌ಗೆ ಫೋನ್ ಮಾಡಿದವರಿಗೆ ರಿಸೆಪ್ಷನ್ ಹುಡುಗಿ "ಮಾತ್ರೆ ಕವರ್ ತನ್ನಿ" ಅಂತ ಹೇಳುತ್ತಾಳೆ. "ಹಲ್ಲು ತೋರ್ಸಕ್ಕೆ ಮಾತ್ರೆ ಕವರ್ ಯಾಕಮ್ಮ?" ಅಂತ ಅರ್ಧ ಜನ ಜಗಳಕ್ಕೆ ಬರುತ್ತಾರೆ. ಉಳಿದರ್ಧ ಮರೆತು ಬರುತ್ತಾರೆ.

ಅಮ್ಮ ಆರು ತಿಂಗಳಿಗೆ ಮತ್ತೆ ಬಂದಿದ್ದರು, ಆ ಮುರಿದ ಹಲ್ಲು ಕೀಳಿಸಲು. ಖಾರ ಶುರುವಾಗಿದೆಯಂತೆ. ಸೊಸೆ ಹಾಕುವುದು ಸಾಲದು ಅಂತ ದೂರು ಬೇರೆ. ಬಲಗಾಲು ಸರಿಹೋಗಿದೆ. ಎಡಗಾಲಿನ ಎರಡು ಬೆರಳು ಇನ್ನೂ ಜೋಮು, ಅದು ಪೂರ್ತಿ ಹೋಗುತ್ತದೆ ಅಂತ ಫಿಸಿಶಿಯನ್ ಮಾತು ಕೊಟ್ಟಿಲ್ಲ. ಬಾಗಿಲ ಹತ್ತಿರ ಬಿಟ್ಟಿದ್ದ ಅವರ ಚಪ್ಪಲಿ ಕಣ್ಣಿಗೆ ಬಿತ್ತು. ಎರಡಕ್ಕೂ ಹಿಮ್ಮಡಿ ಸುತ್ತ ಒಂದು ಪಟ್ಟಿ ಹೊಲಿಸಿಕೊಂಡಿದ್ದರು.